ಬೆರಳನ್ನು ಒಪ್ಪದ ಯಂತ್ರ

ಪ್ರಶ್ನೆ: ನಾನು ಖಾಸಗಿ ಶಾಲೆಯೊಂದರ ಶಿಕ್ಷಕಿ. ಹಾಜರಾತಿ ಯಂತ್ರವು ನಾಲ್ಕೈದು ಸಲ ಒತ್ತಿದರೂ ನನ್ನ ಬೆರಳನ್ನು ಗುರುತಿಸದೆ, ತಡವಾಯಿತೆಂದು ಅರ್ಧ ದಿನದ ರಜೆ ಕಡಿತವಾಗುತ್ತಿದೆ. ಏನು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೆರಳಿನ ಗೆರೆಗಳು ಕೊನೆಗೊಳ್ಳುವ ಮತ್ತು ಕವಲೊಡೆಯುವ ಬಿಂದುಗಳನ್ನು ಯಂತ್ರವು ಹೋಲಿಸಿ ನೋಡುವುದರಿಂದ, ಸೀಮೆಸುಣ್ಣದ ಪುಡಿ ಮೆತ್ತಿದ, ಒಣಗಿದ ಅಥವಾ ಸವೆದ ಬೆರಳಿನಲ್ಲಿ ಅವು ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಕೈ ತೊಳೆದು ಒರೆಸಿಕೊಂಡು, ಯಂತ್ರದ ಗಾಜನ್ನೂ ಒರೆಸಿ ಒತ್ತಿ ನೋಡಿ (ಆ ಗಾಜಿಗೆ ಬಟ್ಟೆ ತಾಗಿ ಎಷ್ಟು ದಿನವಾಯಿತೋ!). ಎಡಗೈ ಬೆರಳನ್ನೂ ನೋಂದಾಯಿಸಿಕೊಳ್ಳಲು ಕೇಳಿ. ಅದೂ ಫಲಿಸದಿದ್ದರೆ, ಯಂತ್ರ ಒಪ್ಪದ ದಿನ ಸಮಯ ಬರೆದು ಸಹಿ ಹಾಕಲು ಹಳೆಯ ಹಾಜರಿ ಪುಸ್ತಕವನ್ನು ಪಕ್ಕದಲ್ಲೇ ಇಡಬೇಕೆಂದು ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಸಲ್ಲಿಸಿ, ರಜೆ ಕಡಿತವಾದ ದಿನಾಂಕಗಳನ್ನು ಅದರಲ್ಲಿ ನಮೂದಿಸಿ, ಸ್ವೀಕೃತಿ ಪಡೆಯಿರಿ.