ಧನು ರಾಶಿಯ ತಿಂಗಳಿನ ಮಂಕುತನಕ್ಕೆ ರಾಶಿಯೇ ಕಾರಣವೇ?

ಸೂರ್ಯನು ಧನು ರಾಶಿಯಲ್ಲಿರುವ ತಿಂಗಳಲ್ಲಿ ಪ್ರತಿ ವರ್ಷವೂ ತಮಗೆ ನಿದ್ದೆ ಹೆಚ್ಚಿ, ಕೆಲಸದಲ್ಲಿ ಉತ್ಸಾಹ ಕುಗ್ಗುತ್ತದೆಂದೂ ಇದು ರಾಶಿಯ ಪ್ರಭಾವವೇ ಎಂದೂ ತಾವು ಕೇಳಿದ್ದೀರಿ. ತಮ್ಮ ಅನುಭವ ನಿಜವೆಂದೇ ನಾನು ನಂಬುತ್ತೇನೆ. ಆದರೆ ಅದರ ಕಾರಣವನ್ನು ರಾಶಿಯಲ್ಲಿ ಹುಡುಕುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಭೂಮಿಯ ಅಕ್ಷವು ಸುಮಾರು 23.4 ಡಿಗ್ರಿ ವಾಲಿಕೊಂಡಿರುವುದರಿಂದ, ಡಿಸೆಂಬರಿನಲ್ಲಿ ಉತ್ತರಾರ್ಧಗೋಳದ ಹಗಲು ಅತ್ಯಂತ ಚಿಕ್ಕದಾಗಿರುವಾಗ ದಕ್ಷಿಣಾರ್ಧಗೋಳದಲ್ಲಿ ಬೇಸಿಗೆಯ ದೀರ್ಘವಾದ ಹಗಲಿರುತ್ತದೆ. ರಾಶಿ ಒಂದೇ, ಋತು ಮಾತ್ರ ತದ್ವಿರುದ್ಧ. ಅಲ್ಲದೆ ಹಗಲು-ರಾತ್ರಿ ಸಮನಾಗುವ ದಿನ ಸೂರ್ಯನಿರುವ ವಿಷುವದ್ಬಿಂದುವು ನಕ್ಷತ್ರಗಳ ಹಿನ್ನೆಲೆಯಲ್ಲಿ ಸುಮಾರು 72 ವರ್ಷಗಳಿಗೆ ಒಂದು ಡಿಗ್ರಿಯಂತೆ ಹಿಂದೆ ಸರಿಯುವುದರಿಂದ, ಆ ಬಿಂದುವಿನಿಂದ ರಾಶಿಗಳನ್ನು ಎಣಿಸುವ ಸಾಯನ ಮತ್ತು ನಕ್ಷತ್ರಗಳನ್ನು ಆಧರಿಸಿ ಎಣಿಸುವ ನಿರಯನ ಪದ್ಧತಿಗಳ ನಡುವೆ ಈಗ ಹೆಚ್ಚುಕಡಿಮೆ 24 ಡಿಗ್ರಿಗಳ ಅಂತರ ಬಿದ್ದಿದೆ (ಏಪ್ರಿಲ್ 5ರಂದು ಹುಟ್ಟಿದವರ ಸೂರ್ಯರಾಶಿ ಒಂದು ಲೆಕ್ಕದಲ್ಲಿ ಮೇಷ, ಇನ್ನೊಂದರಲ್ಲಿ ಮೀನವಾಗುವುದು ಇದರಿಂದಲೇ).

ದೇಹವು ಗಮನಿಸುವುದು ಬೆಳಕನ್ನು. ಬೆಳಗಿನ ಬೆಳಕು ಕಣ್ಣಿನ ಒಳಪರದೆಯಾದ ಅಕ್ಷಿಪಟಲವನ್ನು ತಲುಪಿದಾಗ ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಎಂಬ ಹಾರ್ಮೋನಿನ ಸ್ರವಿಕೆ ತಗ್ಗುತ್ತದೆ. ಅಲಾರಂ ಹೊಡೆದಾಗ ಕಿಟಕಿಯಾಚೆ ಇನ್ನೂ ಕತ್ತಲಿದ್ದರೆ, ಎದ್ದು ಕುಳಿತ ಮೇಲೂ ಕಣ್ಣೆವೆಗಳು ಭಾರವಾಗಿಯೇ ಇರುತ್ತವೆ. ಚಳಿಗಾಲದಲ್ಲಿ ಮರುಕಳಿಸುವ ಖಿನ್ನತೆಯನ್ನು ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲೇ ವಿವರಿಸಿದ್ದಾರೆ. ದಯವಿಟ್ಟು ಬೆಳಕು ಹರಿದ ಕೂಡಲೇ ಅರ್ಧ ಗಂಟೆ ಬಯಲಿನಲ್ಲಿ ನಡೆಯಿರಿ; ಎರಡು ವಾರ ಕಳೆದರೂ ಮಂಕುತನ ಹೋಗದಿದ್ದರೆ ವೈದ್ಯರನ್ನು ಕಾಣಲು ಹಿಂಜರಿಯಬೇಡಿ.