ಫ್ಲ್ಯಾಪಿ ಬರ್ಡ್‌ನಲ್ಲಿ ಹತ್ತು ಪೈಪ್ ದಾಟುವುದು ಯಾಕಿಷ್ಟು ಕಷ್ಟ, ಬಿಡಲಿಕ್ಕೂ ಯಾಕೆ ಆಗಲ್ಲ?

ಪರದೆ ತಟ್ಟಿದಾಗಲೆಲ್ಲ ಚೂರು ಏರಿ ಮತ್ತೆ ಬೀಳುವ ಹಕ್ಕಿಯನ್ನು ಮೇಲಿನ, ಕೆಳಗಿನ ಪೈಪುಗಳ ಸಂದಿಯಲ್ಲಿ ದಾಟಿಸುತ್ತಾ ಹೋಗುವ ಒಂದೇ ಬೆರಳಿನ ಫೋನ್ ಆಟ, ಆದರೂ ಸ್ಕೋರ್ ಹತ್ತಕ್ಕೆ ಮುಟ್ಟುತ್ತಿಲ್ಲ, ಸಿಟ್ಟು ಬಂದರೂ ಫೋನ್ ಕೆಳಗಿಡಲು ಮನಸ್ಸಾಗುತ್ತಿಲ್ಲ ಅಂತ ಕೇಳಿದ್ದೀರಿ. ನಿಮ್ಮ ಕೈ ನಿಧಾನ ಅಂದುಕೊಳ್ಳಬೇಡಿ. ಕಣ್ಣಿಗೆ ಕಾಣುವ ಸಂದಿಗೂ ನಿಜವಾಗಿ ಸಿಗುವ ಸಂದಿಗೂ ಅಜಗಜಾಂತರ. ಕಷ್ಟವೆಲ್ಲ ಅಲ್ಲೇ ಇದೆ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ಮೇಲಿನ ಪೈಪಿಗೂ ಕೆಳಗಿನ ಪೈಪಿಗೂ ನಡುವೆ 100 ಪಿಕ್ಸೆಲ್ (ಪರದೆಯ ಚಿಕ್ಕ ಚುಕ್ಕಿಗಳು), ಹಕ್ಕಿಯ ಎತ್ತರ 24, ಸೆಕೆಂಡಿಗೆ 30 ಫ್ರೇಮ್, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ 30 ಸಲ ಬದಲಾಗುತ್ತದೆ. ತಟ್ಟಿದ ತಕ್ಷಣ ಹಕ್ಕಿ ಮೊದಲ ಫ್ರೇಮಿನಲ್ಲಿ 9 ಪಿಕ್ಸೆಲ್ ಏರುತ್ತದೆ, ಆಮೇಲೆ 8, 7, 6 ಅಂತ ಕಡಿಮೆಯಾಗುತ್ತಾ ಒಟ್ಟು 45 ಪಿಕ್ಸೆಲ್ ಮೇಲೆ ಹೋಗಿ ಬೀಳಲು ಶುರುಮಾಡುತ್ತದೆ. ನೂರರಲ್ಲಿ ಹಕ್ಕಿಯ ಮೈಗೇ 24 ಹೋಯಿತು, ಉಳಿದದ್ದು 76. ಜಿಗಿತಕ್ಕೆ 45 ಕಳೆಯಿರಿ. ಪೈಪಿನೊಳಗೆ ಹೋದಮೇಲೆ ತಟ್ಟಲು ಭದ್ರವಾದ ಜಾಗ ಕೆಳಗಿನ 31 ಪಿಕ್ಸೆಲ್ ಅಷ್ಟೇ! ಬೀಳುವ ಹಕ್ಕಿ ಅದನ್ನು ಮೂರು ನಾಲ್ಕು ಫ್ರೇಮಿನಲ್ಲಿ, ಅಂದರೆ ಸುಮಾರು 0.1 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಕಣ್ಣು ಕಂಡದ್ದಕ್ಕೆ ಬೆರಳು ಅಲ್ಲಾಡಲು ನಮಗೆ ಸುಮಾರು 0.2 ಸೆಕೆಂಡ್ ಬೇಕು. ಹಾಗಾಗಿ ನೋಡಿ ತಟ್ಟಿದವರು ಸೋಲುತ್ತಾರೆ. ತಾಳ ಹಾಕುವವರ ಹಾಗೆ ಮುಂದಿನ ಪೆಟ್ಟು ಎಲ್ಲಿ ಬೀಳಬೇಕು ಅಂತ ಮೊದಲೇ ಗೊತ್ತಿರಬೇಕು.

ಗಾಬರಿಯಲ್ಲಿ ಎರಡು ಸಲ ತಟ್ಟುವುದು ಇನ್ನೊಂದು ದೊಡ್ಡ ತಪ್ಪು. ಪ್ರತಿ ತಟ್ಟಿಗೂ ಏರುವ ವೇಗ ಮತ್ತೆ 9ರಿಂದಲೇ ಶುರುವಾಗುತ್ತದೆ. ಮೂರು ಫ್ರೇಮ್ ಆದಮೇಲೆ ಇನ್ನೊಮ್ಮೆ ತಟ್ಟಿದರೆ ಆಗಲೇ ಏರಿದ 24ಕ್ಕೆ 45 ಸೇರಿ 69 ಆಯಿತು. 76ರಲ್ಲಿ ಉಳಿದದ್ದು ಏಳು. ತಲೆ ಮೇಲಿನ ಪೈಪಿಗೆ ಬಡಿಯದೆ ಇನ್ನೇನಾಗುತ್ತದೆ?

ಆದ್ದರಿಂದ ಸಂದಿಯ ನಡುಮಧ್ಯಕ್ಕೆ ಗುರಿ ಇಡಬೇಡಿ, ತಗ್ಗಿನಲ್ಲಿ ಹೋಗಿ. ಹಕ್ಕಿಯನ್ನು ನೋಡುತ್ತಾ ಕೂರದೆ ಮುಂದಿನ ಕೆಳಪೈಪಿನ ಅಂಚಿನ ಮೇಲೆ ಕಣ್ಣಿಡಿ. ಹೊಟ್ಟೆ ಆ ಅಂಚಿಗೆ ತಾಗೇಬಿಡುತ್ತದೇನೋ ಅನ್ನಿಸುವಾಗ ಒಂದೇ ಒಂದು ಸಲ ತಟ್ಟಿ. ಹೆಚ್ಚು ಜನ ಸಾಯುವುದು ಎತ್ತರದ ಸಂದಿಯಿಂದ ತಗ್ಗಿನ ಸಂದಿಗೆ ಇಳಿಯುವಾಗ. ಮೊದಲ ಪೈಪಿನಿಂದ ಹಕ್ಕಿಯ ಬಾಲ ಪೂರ್ತಿ ಹೊರಬರುವವರೆಗೆ ಎತ್ತರ ಕಾಯ್ದುಕೊಳ್ಳಿ, ಬಂದಮೇಲೆ ಬೆರಳು ಎತ್ತಿಬಿಡಿ. ಕಲ್ಲಿನ ಹಾಗೆ ಬೀಳುವುದು ನೋಡಿ ಭಯವಾಗುತ್ತದೆ, ಆದರೂ ಕೆಳಗಿನ ಅಂಚು ಹತ್ತಿರ ಬರುವವರೆಗೆ ಮುಟ್ಟಬೇಡಿ. ನಡುವೆ ಒಂದು ತಟ್ಟು ಬಿದ್ದರೂ ಮೇಲಿನ ಪೈಪು ಎದುರಿಗೆ ಬರುತ್ತದೆ.

ಇನ್ನು ಹತ್ತರ ವಿಷಯ. ಒಂದೊಂದು ಪೈಪನ್ನೂ ನೂರಕ್ಕೆ 90 ಸಲ ದಾಟಬಲ್ಲಿರಿ ಅಂದುಕೊಳ್ಳಿ. ಕೇಳಲು ಚೆನ್ನಾಗಿದೆ, ಆದರೆ ಸತತ ಹತ್ತು ದಾಟುವ ಸಾಧ್ಯತೆ 35% ಮಾತ್ರ. ಅದೇ 95 ಸಲ ದಾಟುವವರಿಗೆ 60%. ಹತ್ತಕ್ಕೆ ಸಿಗುವ ಪದಕ ಕಂಚಿನದು, ನಲವತ್ತಕ್ಕೆ ಪ್ಲಾಟಿನಂ. ನಲವತ್ತರ ಸಾಧ್ಯತೆ 90ರವರಿಗೆ 1.5%, 95ರವರಿಗೆ 13%. ಕೈ ಚೂರು ಪಳಗಿದರೆ ಸ್ಕೋರ್ ಇಷ್ಟು ಏರುವುದರಿಂದಲೇ 'ಇನ್ನೊಂದೇ ಸಲ' ಅನ್ನಿಸುವುದು, ಮತ್ತು ಆ ಅನಿಸಿಕೆಯಲ್ಲಿ ಸುಳ್ಳೇನೂ ಇಲ್ಲ.

ಬಿಡಲಾಗದಿರುವುದಕ್ಕೆ ದೊಡ್ಡ ಕಾರಣ, ನನ್ನ ಪ್ರಕಾರ, ಈ ಆಟದ ಪ್ರಾಮಾಣಿಕತೆ. ನೂರನೇ ಪೈಪ್ ಮೊದಲನೆಯದಕ್ಕಿಂತ ವೇಗವಾಗಿ ಬರುವುದಿಲ್ಲ, ಸಂದಿ ಕಿರಿದಾಗುವುದಿಲ್ಲ, ಎತ್ತರ ಮಾತ್ರ ಬದಲಾಗುತ್ತದೆ. ಕುಂಟೆಬಿಲ್ಲೆಯಲ್ಲಿ ಕಾಲು ಗೆರೆ ಮೇಲೆ ಬಿತ್ತೋ ಔಟ್, ವಾದಕ್ಕೆ ಜಾಗವಿಲ್ಲ. ಇಲ್ಲೂ ಅಷ್ಟೇ. ಕೊಕ್ಕು ಅಂಚಿಗೆ ತಾಗಿದ್ದು ಕಣ್ಣೆದುರೇ ಕಾಣುತ್ತದೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಹೊಟ್ಟೆ ಉರಿಯುತ್ತದೆ, ಆ ಉರಿ ಆರುವ ಮೊದಲೇ ಹೊಸ ಆಟ ಶುರುವಾಗಿರುತ್ತದೆ.

ಇದನ್ನು ಮಾಡಿದವರು ವಿಯೆಟ್ನಾಂನ ಡಾಂಗ್ ನ್ಯುಯೆನ್. 2013ರ ಮೇನಲ್ಲಿ ಬಿಟ್ಟ ಆಟ 2014ರ ಜನವರಿಯಲ್ಲಿ ಜಗತ್ತಿನಾದ್ಯಂತ ಹಬ್ಬಿತು. ಫೆಬ್ರವರಿಯಲ್ಲಿ ಅವರೇ ಅದನ್ನು ಆ್ಯಪ್ ಸ್ಟೋರ್‌ನಿಂದ ತೆಗೆದರು, ಜನರಿಗೆ ಚಟವಾಗಿಬಿಟ್ಟಿದೆ ಅನ್ನುವುದು ಅವರು ಕೊಟ್ಟ ಕಾರಣ. ಆಮೇಲೆ ಬಂದ ನಕಲುಗಳಿಗೆ ಲೆಕ್ಕವಿಲ್ಲ. ಒಂದೊಂದರಲ್ಲಿ ಬೀಳುವ ವೇಗ ಒಂದೊಂದು ಥರ, ಹಾಗಾಗಿ ಎರಡು ಮೂರು ನಕಲು ಬದಲಾಯಿಸಿ ಆಡಿದರೆ ಕೂತ ಲಯವೂ ಕೆಡುತ್ತದೆ. ಒಂದನ್ನೇ ಹಿಡಿದುಕೊಳ್ಳಿ.

ಆಡುವ ಮೊದಲು ಬ್ಯಾಟರಿ ಸೇವರ್ ಆಫ್ ಮಾಡಿ, ಎಷ್ಟೋ ಫೋನ್‌ಗಳಲ್ಲಿ ಅದು ಫ್ರೇಮ್ ಕಡಿಮೆ ಮಾಡುತ್ತದೆ. ಬೆರಳಿನ ಬೆವರು ಒರೆಸಿ. ಫೋನನ್ನು ಮೇಜಿನ ಮೇಲಿಟ್ಟು ತೋರುಬೆರಳಿನಿಂದ, ಹಕ್ಕಿ ಮರೆಯಾಗದ ಹಾಗೆ ಪರದೆಯ ಕೆಳಭಾಗದಲ್ಲಿ ತಟ್ಟಿ. ಸತತ ಮೂರು ಸಲ ಮೊದಲ ಪೈಪಿಗೇ ಸತ್ತರೆ ಅಲ್ಲಿಗೆ ನಿಲ್ಲಿಸಿ. ದಣಿದ ಬೆರಳು ತಡವಾಗಿ ತಟ್ಟುತ್ತದೆ, ಆ ತಡವೇ ರೂಢಿಯಾಗುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಕೂತುಕೊಳ್ಳಿ.