ಖರ್ಚಿನ ಪಟ್ಟಿ ಓದಿ ಸಿನಿಮಾಕ್ಕೆ ಬೈಯುವವರು

ಪತ್ರ: ಹೋದ ಸಂಚಿಕೆಯಲ್ಲಿ ಹಾಲಿವುಡ್ ನಿರ್ದೇಶಕ ಮೈಕಲ್ ಚಿಮೀನೊನನ್ನು ಹಾಡಿ ಹೊಗಳಿದ್ದೀರಿ. ‘ಹೆವನ್ಸ್ ಗೇಟ್’ ಎಂಬ ಒಂದೇ ವೆಸ್ಟರ್ನ್ (ಕೌಬಾಯ್ ಕಾಲದ) ಸಿನಿಮಾ ತೆಗೆದು ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಚಿತ್ರ ಸಂಸ್ಥೆಯನ್ನೇ ಮುಳುಗಿಸಿದವನು ಆತ. ಪರರ ದುಡ್ಡಲ್ಲಿ ದರ್ಬಾರು ಮಾಡುವವರೆಲ್ಲ ಕಲಾವಿದರೆ?
— ಓದುಗರೊಬ್ಬರು, ಹಾಸನ

ಉತ್ತರ: ಹಾಸನದ ಮಿತ್ರರೇ, ದರ್ಬಾರು ನಡೆದದ್ದು ಹೌದು. 1979ರ ಏಪ್ರಿಲ್‌ನಲ್ಲಿ ಮೊಂಟಾನಾದಲ್ಲಿ ಶೂಟಿಂಗ್ ಶುರುವಾದಾಗ ಬಜೆಟ್ಟು ಸುಮಾರು 1 ಕೋಟಿ 16 ಲಕ್ಷ ಡಾಲರ್. ಎಲ್ಲ ಮುಗಿಯುವ ಹೊತ್ತಿಗೆ 4 ಕೋಟಿ 40 ಲಕ್ಷ. ಆರು ದಿನ ಕಳೆಯುವಷ್ಟರಲ್ಲಿ ಐದು ದಿನ ಹಿಂದೆ ಬಿದ್ದಿದ್ದರು. ಸೆಟ್ಟಿಗೆಂದು ಕಟ್ಟಿ ನಿಲ್ಲಿಸಿದ ಬೀದಿ ಆರಡಿ ಕಿರಿದಾಯಿತಂತೆ. ಒಂದು ಸಾಲು ಕಿತ್ತು ಹಿಂದಕ್ಕೆ ಸರಿಸೋಣ ಎಂದರೆ, ‘ಇಲ್ಲ, ಎರಡೂ ಕಡೆ ಮೂರು ಮೂರು ಅಡಿ’ ಎಂದನಂತೆ ಪುಣ್ಯಾತ್ಮ! ಇಂಥವನ್ನು ಕೇಳಿ ನಗಬಹುದು. ಕುದುರೆಗಳ ವಿಷಯದಲ್ಲಿ ಮಾತ್ರ ನಗು ಬಾರದು. ಆ ಸೆಟ್ಟಿನಲ್ಲಿ ಪ್ರಾಣಿಗಳನ್ನು ನಡೆಸಿಕೊಂಡ ರೀತಿಗೆ ಎದ್ದ ಗಲಾಟೆಯಿಂದಲೇ ಹಾಲಿವುಡ್ಡಿನಲ್ಲಿ ಅವುಗಳ ಮೇಲ್ವಿಚಾರಣೆ ಬಿಗಿಯಾಯಿತು. ಅಲ್ಲಿಗೆ ನಿಮ್ಮ ಪಾಲಿನದು ಸಂದಾಯ.

ಇನ್ನು ಮುಳುಗಿಸಿದ ಮಾತು. 1919ರಲ್ಲಿ ಚಾಪ್ಲಿನ್, ಗ್ರಿಫಿತ್, ಮೇರಿ ಪಿಕ್‌ಫರ್ಡ್, ಫೇರ್‌ಬ್ಯಾಂಕ್ಸ್ ಸೇರಿ ಕಟ್ಟಿದ ಆ ಸಂಸ್ಥೆ 1967ರಿಂದ ಟ್ರಾನ್ಸ್‌ಅಮೆರಿಕಾ ಎಂಬ ವಿಮಾ ವ್ಯವಹಾರದವರ ಕೈಯಲ್ಲಿತ್ತು. ಅದನ್ನು ವರ್ಷಾನುಗಟ್ಟಲೆ ನಡೆಸಿದ್ದ ಆರ್ಥರ್ ಕ್ರಿಮ್ ಮತ್ತು ಸಂಗಡಿಗರು ಮಾಲೀಕರ ಮೇಲೆ ಮುನಿದು 1978ರಲ್ಲೇ ಎದ್ದುಹೋಗಿ ಓರಿಯನ್ ಕಂಪನಿ ಮಾಡಿಕೊಂಡರು. ಅವರ ಕುರ್ಚಿಯಲ್ಲಿ ಕೂತವರ ಎದುರಿಗಿದ್ದವನು ‘ದಿ ಡೀರ್ ಹಂಟರ್’ಗೆ ಆಗತಾನೇ ಆಸ್ಕರ್ ಹೊತ್ತು ತಂದ ನಿರ್ದೇಶಕ. ಬೇಡ ಎನ್ನುವ ಎದೆ ಯಾರಿಗಿತ್ತು? ಚೆಕ್ಕಿಗೆ ಸಹಿ ಹಾಕಿದ ಕೈಗಳ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಅದೇ ಸಂಸ್ಥೆ ಹಂಚಿದ ಕೊಪ್ಪೊಲಾನ ‘ಅಪೊಕ್ಯಾಲಿಪ್ಸ್ ನೌ’ ಸಹ ಬಜೆಟ್ಟಿನ ದುಪ್ಪಟ್ಟು ದಾಟಿತ್ತು. ಅದು ಗೆದ್ದಿತು, ಹಾಗಾಗಿ ಸಾಹಸವೆನಿಸಿತು. ‘ದುಡ್ಡು ಬಂದರೆ ಧೈರ್ಯ, ಹೋದರೆ ಕೊಬ್ಬು, ಇಷ್ಟೇ ಸಾರ್’ ಎಂದು ಗಾಂಧಿನಗರದ ಹಳೆಯ ಪ್ರೊಡಕ್ಷನ್ ಮ್ಯಾನೇಜರೊಬ್ಬರು ನನಗೆ ಹೇಳುತ್ತಿದ್ದರು.

ಒಂದು ಕೇಳುತ್ತೇನೆ, ಬೇಸರ ಬೇಡ. ನೀವು ಸಿನಿಮಾ ನೋಡಿದ್ದೀರಾ? ಪತ್ರದ ಎರಡು ಪುಟದಲ್ಲಿ ಅದರ ಒಂದು ದೃಶ್ಯದ ಹೆಸರೂ ಇಲ್ಲ. 1892ರಲ್ಲಿ ವಯೋಮಿಂಗ್‌ನ ದನಗಳ ದೊಡ್ಡ ಧಣಿಗಳು ಬಾಡಿಗೆ ಬಂಟರನ್ನು ಕರೆಸಿ ಸಣ್ಣ ಹಿಡುವಳಿದಾರರ ಮೇಲೆ ಛೂ ಬಿಟ್ಟಿದ್ದು ನಡೆದ ಸಂಗತಿ; ಯಾರಿಗೂ ಶಿಕ್ಷೆಯಾಗಲಿಲ್ಲ. ಚಿಮೀನೊ ಅದನ್ನು ಹಿಗ್ಗಿಸಿ, ವಲಸೆ ಬಂದ ಬಡವರ ಕಥೆ ಮಾಡಿ, ಕೊಲ್ಲಬೇಕಾದ 125 ಜನರ ಪಟ್ಟಿಯನ್ನು ಧಣಿಗಳ ಕೈಗಿಟ್ಟ. ಆ ಬಡವರು ಕುಣಿಯುವ ದೃಶ್ಯವೊಂದಿದೆ. ಹಲಗೆಯ ಹಾಲ್, ಕಾಲಿಗೆ ಚಕ್ರ ಕಟ್ಟಿಕೊಂಡ ಹುಡುಗನೊಬ್ಬ ಪಿಟೀಲು ನುಡಿಸುತ್ತಲೇ ಜಾರಿ ಬರುತ್ತಾನೆ, ಹಿಂದೆಯೇ ಇಡೀ ಊರು ಚಕ್ರಗಳ ಮೇಲೆ ತಿರುಗತೊಡಗುತ್ತದೆ. ವಿಲ್ಮೋಸ್ ಜಿಗ್ಮಂಡ್‌ನ ಕ್ಯಾಮೆರಾ ಧೂಳಿಗೂ ಬೆಳಕಿಗೂ ವ್ಯತ್ಯಾಸ ಉಳಿಸುವುದಿಲ್ಲ. ಇದಕ್ಕೆ ಎಷ್ಟು ಡಾಲರ್ ಆಯಿತೆಂದು ಆಗ ನೆನಪಾದರೆ ಹೇಳಿ.

ನ್ಯೂಯಾರ್ಕಿನಲ್ಲಿ 1980ರ ನವೆಂಬರ್‌ನಲ್ಲಿ 219 ನಿಮಿಷದ ಪ್ರತಿ ತೆರೆಗೆ ಬರುವ ಮೊದಲೇ ಖರ್ಚಿನ ಸುದ್ದಿ ಪತ್ರಿಕೆಗಳಲ್ಲಿ ಬೆಂದು ಹೋಗಿತ್ತು. ವಾರದಲ್ಲಿ ವಾಪಸು. 149 ನಿಮಿಷಕ್ಕೆ ಕತ್ತರಿಸಿ ಮತ್ತೆ ಬಿಟ್ಟರು, ಅದೂ ಮಲಗಿತು. 1981ರಲ್ಲಿ ಟ್ರಾನ್ಸ್‌ಅಮೆರಿಕಾದವರು ಕಂಪನಿಯನ್ನು ಎಂಜಿಎಂ ಸ್ಟುಡಿಯೋಗೆ ಮಾರಿ ಕೈತೊಳೆದುಕೊಂಡರು.

ನಮ್ಮಲ್ಲೇನು ಬೇರೆ? ಶುಕ್ರವಾರ ಮಧ್ಯಾಹ್ನದೊಳಗೆ ‘ಕಲೆಕ್ಷನ್ ಎಷ್ಟಂತೆ?’ ಎಂಬ ವಿಚಾರಣೆ, ಸೋಮವಾರಕ್ಕೆ ಇಪ್ಪತ್ತು ನಿಮಿಷ ಟ್ರಿಮ್. ನೂರು ಕೋಟಿ ಕ್ಲಬ್ಬಿನ ಪಟ್ಟಿ ಬಾಯಿಪಾಠ ಇರುವ ಹುಡುಗರಿಗೆ ಆ ಚಿತ್ರಗಳ ಛಾಯಾಗ್ರಾಹಕ ಯಾರೆಂದು ಗೊತ್ತಿಲ್ಲ. ವಿಮರ್ಶೆ ಬರೆಯುವವರೂ ವಿತರಕರ ಗುಮಾಸ್ತರಂತೆ ಬರೆಯುತ್ತಾರೆ. ನಮ್ಮ ಪತ್ರಿಕೆಗೂ ತಿಂಗಳಿಗೊಮ್ಮೆ ‘ಬಾಕ್ಸಾಫೀಸ್ ಅಂಕಣ ಶುರು ಮಾಡಿ’ ಎಂಬ ಸಲಹೆ ಬರುತ್ತದೆ, ನಾನಿರುವವರೆಗೆ ಮಾಡುವುದಿಲ್ಲ.

2012ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ ದೀರ್ಘ ಪ್ರತಿಯನ್ನೇ ಹುಡುಕಿ ನೋಡಿ. ಆಮೇಲೆ ಬೈದು ಬರೆಯಿರಿ, ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ.